ಗಂಜಿ ತೊಳೆಯದ ಪಟ್ಟಿ

ನಾನು ಪಟ್ಟಿ ಕಟ್ಟಿಕೊಟ್ಟ ಮುಷ್ಟಿಯ ಏಟಿಗೆ ನನ್ನ ಅಕ್ಕನ ಗಂಡ ಕಣ್ಣು ಕಳೆದುಕೊಂಡ. ಇದನ್ನು ಮೊದಲ ಸಾಲಿನಲ್ಲೇ ಬರೆದಿಡುತ್ತೇನೆ. ಕಡೆಗೆಂದು ಇಟ್ಟರೆ, ಹೇಳುತ್ತ ಹೇಳುತ್ತ ಎಲ್ಲೋ ಒಂದು ಕಡೆ ತಪ್ಪಿಸಿಕೊಂಡುಬಿಡುತ್ತೇನೆ ಎಂಬ ಅನುಮಾನ ನನಗೆ ನನ್ನ ಮೇಲೆಯೇ ಇದೆ.

ನರಗುಂದದಲ್ಲಿ ದಂಗೆಯಾಗುವುದಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ನಾವು ಗಜೇಂದ್ರಗಡದ ನೇಕಾರರು. ಒಂದೇ ಪಡಸಾಲೆಯಲ್ಲಿ ಎರಡು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವಂಥವು. ಒಂದರಲ್ಲಿ ನಾನು, ಎದುರಿನದರಲ್ಲಿ ಮಾಮಾ. ಅಕ್ಕನ ಗಂಡನನ್ನು ನಾನು ಹಾಗೆ ಕರೆಯುತ್ತಿದ್ದೆ. ಸೀರೆಯ ದಡಿ ನೇಯುವುದರಲ್ಲಿ ನಮ್ಮ ಓಣಿಯಲ್ಲಿ ಅವನಂಥವನು ಇನ್ನೊಬ್ಬನಿರಲಿಲ್ಲ. ಹಾಸಿನಲ್ಲಿ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಒಂದೇ ಒಂದು ಎಳೆ ಹರಿದರೂ ಕುಳಿತಲ್ಲಿಂದಲೇ ಕಂಡುಹಿಡಿಯುತ್ತಿದ್ದ. ನನ್ನ ಮಗ್ಗದಲ್ಲಿ ಹರಿದದ್ದನ್ನೂ ನನಗಿಂತ ಮೊದಲು ಅವನೇ ಕಾಣುತ್ತಿದ್ದ. ಬೆಳಿಗ್ಗೆ ತಾಲೀಮಿಗೆ, ಓಣಿಯ ಗರಡಿಮನೆಗೆ, ಹೋಗಿ ಮುಷ್ಟಿ ಕಾಳಗ ಆಡಿ ಬಂದು, ಮೈಗೆ ನೀರು ಹಾಕಿಕೊಂಡು ಮಗ್ಗಕ್ಕೆ ಇಳಿಯುತ್ತಿದ್ದ.

ಆ ಬೇಸಿಗೆ, ನರಗುಂದದ ಗುಡ್ಡದ ಕೆಳಗಿನ ಬಯಲಿನಲ್ಲಿ ನಾಲ್ಕಾರು ಸೀಮೆಯವರು ಸೇರಿ ಪಂದ್ಯ ಆಡುತ್ತಾರೆಂಬ ಸುದ್ದಿ ಬಂತು. ಗುಂಡು ಎತ್ತುವುದು, ಓಟ, ಕುಸ್ತಿ, ಈಟಿಯಂಥ ಬರ್ಚಿ ಎಸೆಯುವುದು, ಕಡೆಯ ದಿನ ಮುಷ್ಟಿ ಕಾಳಗ. ನಿಜಾಮನ ಸೀಮೆಯವರು, ಮೈಸೂರ ಸೀಮೆಯವರು, ಮೀರಜ ಕಡೆಯವರು, ಕಂಪನಿ ಪಲ್ಟಣದ ಇಬ್ಬರು ಸಿಪಾಯಿಗಳು ಸಹ ಬರುವವರಿದ್ದರು. ನಮ್ಮ ತಾಲೀಮಿನಿಂದ ಮಾಮಾ ಹೋಗುವುದೆಂದು ಗೊತ್ತಾಯಿತು. ಅವನ ಜೊತೆಗೆ ನಾನು.

ಹೊರಡುವಾಗ ಅಕ್ಕ ಬುತ್ತಿಯ ಗಂಟನ್ನು ನನ್ನ ಕೈಗೆ ಕೊಟ್ಟು, ಮಾತನ್ನು ಮಾತ್ರ ಗಂಡನಿಗೆ ಹೇಳಿದಳು.

“ಕೈ ಮುರದ್ರ ಕೂಡ್ತೈತಿ. ಕಣ್ಣಿಗೆ ಮಾತ್ರ ಏನೂ ಆಗಬಾರ್ದು ನೋಡ್ರಿ. ಕಣ್ಣ ಹೋದ್ರ ಮಗ್ಗ ಹೋತು.”

“ಕಣ್ಣ ಹೋದ್ರ ದಿನಾ ನಿನ್ನ ಮಾರಿ ನೋಡೂದರ ತಪ್ಪತೈತಿ, ಬಿಡ,” ಎಂದ ಮಾಮಾ.

ಅವಳು ನಗಲಿಲ್ಲ. ನನ್ನ ಕಡೆ ತಿರುಗಿ, “ಜೋಡಿಗೆ ನೀ ಇರ್ತಿಯಲ್ಲಾ, ನೀನ ನೋಡ್ಕೋಬೇಕು,” ಎಂದಳು. “ನಾ ಅದೀನಲ್ಲಕ್ಕಾ,” ಎಂದೆ.

ರೋಣದಲ್ಲಿ ಒಂದು ರಾತ್ರಿ ತಂಗಿ, ಎರಡನೆಯ ದಿನ ಮಧ್ಯಾಹ್ನ ನರಗುಂದ ಮುಟ್ಟಿದೆವು. ಜೋಳ ಕೊಯ್ದ ಎರೆಹೊಲಗಳು ಕಾಲು ತೂರುವಷ್ಟು ಬಿರಿದಿದ್ದವು.

ಮುಷ್ಟಿ ಕಾಳಗದಲ್ಲಿ ಬಲಗೈಗೆ ಅರಿವೆಯ ಪಟ್ಟಿ ಸುತ್ತುತ್ತಾರೆ. ಬೆರಳ ಗೆಣ್ಣು ಒಡೆಯಬಾರದೆಂದು. ಆದರೆ ತಮ್ಮವನ ಕೈಯನ್ನು ತಮ್ಮವರು ಕಟ್ಟುವಂತಿಲ್ಲ. ಈ ಕಡೆಯವನು ಆ ಕಡೆಯ ಕೈ ಕಟ್ಟಬೇಕು, ಆ ಕಡೆಯವನು ಈ ಕಡೆಯದನ್ನು. ಪಟ್ಟಿಯೊಳಗೆ ಹರಳು, ಕಬ್ಬಿಣ ಸೇರಿಸಬಾರದೆಂದು ಹಿಂದಿನವರು ಮಾಡಿಟ್ಟ ಕಟ್ಟಳೆ ಅದು. ಕಟ್ಟಿದವನಿಗೆ ಇನ್ನೊಂದು ಹಕ್ಕೂ ಇತ್ತು. ಕಾಳಗದ ಒಂದು ಸರದಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಹೋಗಿ ಮುಟ್ಟಿ ನೋಡಿ, ಬೇಕೆನಿಸಿದರೆ ಬಿಚ್ಚಿ ಮತ್ತೆ ಕಟ್ಟಬಹುದಿತ್ತು. ಅವನು ಸರಿ ಇದೆ ಎಂದ ಮೇಲೆಯೇ ಮುಂದಿನ ಸರದಿಗೆ ತಮಟೆಯಂಥ ಹಲಗೆ ಬಾರಿಸುತ್ತಿದ್ದರು.

ಮಾಮಾನ ಎದುರಿಗೆ ಬಂದವನು ಮೈಸೂರ ಸೀಮೆಯವನು. ವಯಸ್ಸಿನಲ್ಲಿ ಹಿರಿಯ, ಮಾತಿನಲ್ಲಿ ಮೃದು. ಅವನ ಕಡೆಯ ಮುದುಕನೊಬ್ಬ ಹಳೆಯ ಪಂಚೆ ಹರಿದು, ನೂರು ಸಲ ಒಗೆದು ಮೆತ್ತಗಾದ ಪಟ್ಟಿಯನ್ನು ಮಾಮಾನ ಕೈಗೆ ಸುತ್ತುತ್ತಿದ್ದ. ನಾನು ಊರಿನಿಂದ ತಂದ ಪಟ್ಟಿ ತೆಗೆದೆ. ಹೊರಡುವ ಹಿಂದಿನ ದಿನ ನನ್ನ ಮಗ್ಗದಿಂದ ಕೊಯ್ದಿಳಿಸಿದ ಅರಿವೆಯದು. ನಮ್ಮ ಓಣಿಯ ರೂಢಿ ಹಾಗೆ. ಪರಸ್ಥಳದಿಂದ ಬಂದವರಿಗೆ ನೀರು ಕಾಣದ ಹೊಸ ಅರಿವೆಯನ್ನೇ ಕೊಡಬೇಕು, ಒಗೆದದ್ದು ಕೊಟ್ಟರೆ ಅವಮಾನ ಮಾಡಿದಂತೆ. ಹಾಸಿನ ಎಳೆಗಳು ಗಟ್ಟಿಯಾಗಲೆಂದು ನಾವು ಹಚ್ಚಿದ ಗಂಜಿ ಅದರಲ್ಲಿ ಹಾಗೆಯೇ ಇತ್ತು.

“ಹೊಸಾ ಬಟ್ಟೇನಾ?” ಎಂದ ಮೈಸೂರಿನವನು, ನನ್ನತ್ತ ಕೈ ಚಾಚಿ. “ನಮ್ ಕಡೆ ಹಳೇ ಪಂಚೇನೇ ಹರಿದು ಕಟ್ತೀವಪ್ಪ.”

“ದೂರದಿಂದ ಬಂದೀರಿ. ಒಗದ ಅರಿವಿ ನಿಮಗ ಹ್ಯಾಂಗ ಕಟ್ಟೂದ್ರಿ?”

“ಹಾಗಾದ್ರೆ ಮದುವೆ ಗಂಡಿಗೆ ಕಟ್ಟೋ ಹಾಗೆ ಕಟ್ಟು.”

ಪಕ್ಕದಿಂದ ಮಾಮಾ, “ಲೇ ತಮ್ಮಾ, ಬಾಸಿಂಗಾ ಒಂದ ತರೂದ ಮರತಿ ನೋಡ,” ಎಂದ. ಇಬ್ಬರೂ ನಕ್ಕರು. ಹೊಡೆದಾಡಲು ನಿಂತವರು ಎಂದು ಯಾರೂ ಹೇಳುತ್ತಿರಲಿಲ್ಲ.

ಮೂರು ಸರದಿ. ಮೊದಲ ಎರಡರಲ್ಲಿ ಮಾಮಾನದೇ ಮೇಲುಗೈ. ಮೈಸೂರಿನವನ ಏಟುಗಳು ಬಿದ್ದರೂ ಮೆತ್ತಗೆ ಬೀಳುತ್ತಿದ್ದವು, ಸದ್ದಿನಿಂದಲೇ ತಿಳಿಯುತ್ತಿತ್ತು. ಎರಡನೆಯ ಸರದಿ ಮುಗಿದಾಗ ಅವನು ಬೆವರಿನಿಂದ ತೊಯ್ದ ಬಲಗೈಯನ್ನು ಕೊಡದಲ್ಲಿ ಅದ್ದಿ, ಮೇಲಕ್ಕೆತ್ತಿ, ಬಿಸಿಲಿನಲ್ಲಿ ಕುಳಿತ. ಅಷ್ಟರಲ್ಲಿ ಹಲಗೆಯ ಚರ್ಮ ಸಡಿಲಾಯಿತು. ಬಾರಿಸುವವರು ಜೋಳದ ಕಣಿಕೆ ಸುಟ್ಟು ಅದನ್ನು ಕಾಸತೊಡಗಿದರು. ಹೊತ್ತು ಹಿಡಿಯಿತು. ಆ ಹೊತ್ತನ್ನು ನಾನು ಎಷ್ಟೋ ಸಲ ಅಳೆದಿದ್ದೇನೆ. ಮಗ್ಗದಲ್ಲಿ ಒಂದು ಮೊಳ ಸಾದಾ ಅರಿವೆ ನೇಯುವಷ್ಟು.

ಪಂದ್ಯ ನಡೆಸಲು ನರಗುಂದದ ತಾಲೀಮಿನ ಗುರು, ವಸ್ತಾದರೊಬ್ಬರು ಕಣದ ನಡುವೆ ನಿಂತಿದ್ದರು. ಹಲಗೆ ಬಿಗಿಯಾದ ಮೇಲೆ, “ಪಟ್ಟಿ ನೋಡ್ರೆಪಾ,” ಎಂದು ಕೂಗಿದರು.

ನಾನು ಹೋಗಿ ಅವನ ಮುಷ್ಟಿಯನ್ನು ನನ್ನ ಎರಡೂ ಅಂಗೈಗಳ ನಡುವೆ ಹಿಡಿದೆ. ಅರಿವೆ ಇರಲಿಲ್ಲ ಅಲ್ಲಿ. ಬೆವರಿನಲ್ಲಿ, ನೀರಿನಲ್ಲಿ ಕರಗಿದ ಗಂಜಿ ಬಿಸಿಲಿಗೆ ಒಣಗಿ ಸುತ್ತುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿಬಿಟ್ಟಿತ್ತು. ಗೆಣ್ಣಿನ ಮೇಲೆ ಉಗುರು ಒತ್ತಿದೆ. ಕಟ್ಟಿಗೆಯ ಮೇಲೆ ಒತ್ತಿದಂತಾಯಿತು. ಅವನು, “ಬಿಗಿಯಾಗ್ಬಿಟ್ಟಿದೆ ಕಣಪ್ಪ, ಬೆರಳು ಆಡ್ತಿಲ್ಲ,” ಎಂದೂ ಅಂದ.

ಬಿಚ್ಚಬೇಕಾಗಿತ್ತು. ಬಿಚ್ಚಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಗಂಜಿ ತೊಳೆಯದ ಅರಿವೆ ತಂದವನು ಗಜೇಂದ್ರಗಡದ ನೇಕಾರ ಎಂದು ನಾಲ್ಕು ಸೀಮೆಯ ಜನ ನಗುತ್ತಿದ್ದರು. ಮಾಮಾ ಗೆಲ್ಲುತ್ತಿದ್ದ, ಒಂದು ಸರದಿಯಷ್ಟೇ ಉಳಿದಿದೆ ಎಂದೂ ಅಂದುಕೊಂಡೆ. ಇದೆಲ್ಲ ಒಂದೆರಡು ಉಸಿರಿನಷ್ಟು ಹೊತ್ತು.

“ಏನಪಾ, ಸರಿ ಐತೇನು?” ಎಂದರು ವಸ್ತಾದರು.

“ಸರಿ ಐತ್ರಿ,” ಎಂದೆ.

ಹಲಗೆ ಬಾರಿಸಿದರು. ಆ ಸರದಿಯಲ್ಲಿ ಬಿದ್ದ ಮೊದಲ ಏಟಿಗೇ ಸದ್ದು ಬೇರೆಯಾಗಿತ್ತು. ಅದು ಭುಜಕ್ಕೆ ಬಿತ್ತು. ಮಾಮಾ ತಲೆ ತಿರುಗಿಸಿ ನನ್ನ ಕಡೆ ನೋಡಿದ. ಏನೋ ಕೇಳುವವನ ಹಾಗೆ. ಎರಡನೆಯದು ಎಡಗಣ್ಣಿಗೆ ಬಿತ್ತು.

ಮೈಸೂರಿನವನೇ ಮೊದಲು ಕುಳಿತು, ನೆಲಕ್ಕೆ ಬಿದ್ದ ಮಾಮಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. “ಅಯ್ಯೋ ದೇವರೇ, ನಾನು ಅಷ್ಟು ಜೋರಾಗಿ ಹೊಡೀಲಿಲ್ವಲ್ಲಪ್ಪ, ಹೊಡೀಲಿಲ್ವಲ್ಲ,” ಎಂದು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಅವನು ಹೇಳಿದ್ದು ನಿಜ. ಪಟ್ಟಿ ಬಿಚ್ಚಲು ಬರಲಿಲ್ಲ, ಕುಡಗೋಲಿನಿಂದ ಕೊಯ್ಯಬೇಕಾಯಿತು. ಮಾರನೆಯ ದಿನ ನಾವು ಬಂಡಿ ಹತ್ತುವಾಗ ಅವನು ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ಕಟ್ಟಿದವನಿಗೆ ಪಟ್ಟಿ ಮರಳಿಸುವುದೂ ಒಂದು ಕಟ್ಟಳೆ.

ಎಡಗಣ್ಣು ಅಂದೇ ಹೋಗಿತ್ತು. ಏಟು ಬೀಳದ ಬಲಗಣ್ಣು ಮಳೆಗಾಲದ ಹೊತ್ತಿಗೆ ಕೆಂಪಾಯಿತು, ನೀರು ಸುರಿಸಿತು, ದೀಪಾವಳಿಗೆ ಮೊದಲೇ ಮಂಜಾಯಿತು. ಹಕೀಮರು ಬಂದರು, ಒಂದು ಕಣ್ಣಿನ ಗಾಯ ಇನ್ನೊಂದಕ್ಕೂ ಹಬ್ಬುವುದುಂಟು ಎಂದರು, ಹೋದರು. ಒಂದು ದಿನ ಮಾಮಾ ಮಗ್ಗದಲ್ಲಿ ಕುಳಿತು, ಹರಿದ ಎಳೆಗಾಗಿ ಬಹಳ ಹೊತ್ತು ತಡಕಾಡಿ, ಕುಣಿಯಿಂದ ಮೇಲೆ ಬಂದ. ಮತ್ತೆ ಇಳಿಯಲಿಲ್ಲ. ಅಕ್ಕ ನನ್ನನ್ನು ಏನೂ ಕೇಳಲಿಲ್ಲ. “ಅವರ ಕೈಯಾಗ ಕಬ್ಬಿಣ ಇತ್ತೇನೋ, ಯಾರಿಗೆ ಗೊತ್ತು,” ಎಂದು ಓಣಿಯವರು ಅನ್ನುವಾಗ ನಾನು ಅಲ್ಲಿಯೇ ಇರುತ್ತಿದ್ದೆ. ಕಬ್ಬಿಣವಿರಲಿಲ್ಲ, ನಾನೇ ಕಟ್ಟಿದ್ದೆ ಎಂಬಷ್ಟನ್ನು ಹೇಳುತ್ತಿದ್ದೆ. ಉಳಿದದ್ದನ್ನು ಹೇಳುತ್ತಿರಲಿಲ್ಲ.

ಮಾಮಾ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ ಹಿಡಿದ. ಅದಕ್ಕೆ ಕಣ್ಣು ಬೇಕಿಲ್ಲ. ಎರಡು ವರ್ಷ ಎದುರುಬದುರು ಕುಳಿತೆವು, ನಾನು ಮಗ್ಗದಲ್ಲಿ, ಅವನು ರಾಟೆಯ ಮುಂದೆ. ನೆತ್ತಿಯ ಮೇಲೆ, ತೊಲೆಯ ಸಂದಿನಲ್ಲಿ, ಆ ಪಟ್ಟಿ. ಅದನ್ನು ಸುಡಲು ಎರಡು ಸಲ ಕೆಳಗಿಳಿಸಿದ್ದೆ. ಒಲೆಯ ಮುಂದೆ ಅಕ್ಕ ಇರುತ್ತಿದ್ದಳು.

ಒಂದು ಮಧ್ಯಾಹ್ನ ರಾಟೆ ನಿಂತಿತು.

“ಆ ಪಟ್ಟಿ ನಿನ್ನ ಹಂತ್ಯಾಕ ಐತೇನು?”

ಇಲ್ಲ ಎನ್ನಬಹುದಿತ್ತು. ಎದ್ದು ತೆಗೆದು ಅವನ ಕೈಯಲ್ಲಿಟ್ಟೆ. ಅವನು ಒಂದು ತುದಿಯಿಂದ ಇನ್ನೊಂದು ತುದಿಗೆ, ದಡಿಯಲ್ಲಿ ತಪ್ಪು ಹುಡುಕುವವನಂತೆ ಬೆರಳಾಡಿಸಿದ. ಹೆಬ್ಬೆರಳಿನಿಂದ ಮುರಿದ. ಒಣಗಿದ ಗಂಜಿ ಚಿಟ್ಟೆಂದು ಸದ್ದು ಮಾಡಿ ಪುಡಿ ಉದುರಿತು.

“ನಮ್ಮ ಮಗ್ಗದ್ದ ಇದು.”

“ಹೂಂ.”

“ತೊಳದಿದ್ದಿಲ್ಲ.”

“ಇಲ್ಲ ಮಾಮಾ.”

“ಮುಟ್ಟಿ ನೋಡಿದ್ಯಲ್ಲ ನಡುವ. ಗೊತ್ತಾಗಲಿಲ್ಲೇನು?”

ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತ್ತು. “ಗೊತ್ತಾಗಿತ್ತು,” ಎಂದೆ.

ಅವನು ಪಟ್ಟಿಯನ್ನು ನನ್ನ ಕಡೆ ಚಾಚಿದ. ರಾಟೆಗೆ ಕೈ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳಿಸಿತು, ಮೊದಲಿಗಿಂತ ನಿಧಾನವಾಗಿ. ಅಂದು ಅಕ್ಕ ನನ್ನ ತಟ್ಟೆಗೂ ರೊಟ್ಟಿ ಹಾಕಿದಳು. ನೀಡಿದ ಕೈ ಮಾತ್ರ ಕಂಡಿತು, ಮುಖ ಎತ್ತಿ ನೋಡಲು ನನಗಾಗಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಒಂದು ಹೊಸ ಪದ್ಧತಿ ಬಂತು. ನಮ್ಮಲ್ಲಿ ಯಾರು ಶುರು ಮಾಡಿದರೆಂದು ಹೇಳಲಾರೆ. ಮಗ್ಗದಿಂದ ಕೊಯ್ದ ಅರಿವೆಯನ್ನು ನಾನು ಬಾವಿಗೆ ಒಯ್ದು, ನೀರಿನ ಬಿಳುಪು ಹೋಗುವ ತನಕ ತೊಳೆಯುತ್ತೇನೆ. ಓಣಿಯಲ್ಲಿ ಹಾಗೆ ಮಾಡುವವರು ಬೇರೆ ಯಾರೂ ಇಲ್ಲ, ಹೊಸ ಅರಿವೆಯ ಹೊಳಪು ಕೆಡಿಸುತ್ತಾನೆ ಎಂದು ನಗುತ್ತಾರೆ. ಒಣಗಿಸಿ ತಂದು ಮಾಮಾನ ತೊಡೆಯ ಮೇಲಿಡುತ್ತೇನೆ. ಅವನು ಮೊಳ ಮೊಳವೂ ಮುಟ್ಟಿ ನೋಡುತ್ತಾನೆ, ಅವಸರವಿಲ್ಲದೆ. ನಾನು ನಿಂತಿರುತ್ತೇನೆ. ಕಡೆಯ ಅಂಚಿಗೆ ಬಂದಾಗ ಮುಖವನ್ನು ನಾನಿರುವ ಕಡೆಗೆ ಎತ್ತಿ, ಅಂದು ಕಣದಲ್ಲಿ ನಾನು ಹೇಳಿದಂತೆಯೇ ಹೇಳುತ್ತಾನೆ.

“ಸರಿ ಐತ್ರಿ.”