ನನ್ನ ಫೋನಿಗೆ ಯಾರದೋ ಬೀಗ

ಕಳೆದ ಮಂಗಳವಾರ ಬೆಳಿಗ್ಗೆ ಕೊತ್ತತ್ತಿಯ ನಾಲೆ ಏರಿಯ ಮೇಲೆ ನಿಂತು ಫೋನ್ ಒತ್ತುತ್ತಿದ್ದೆ. ಎಡಕ್ಕೆ ರಂಗಮ್ಮ, ಬಲಕ್ಕೆ ಪುಟ್ಟಸ್ವಾಮಿ. ಇಬ್ಬರ ಗದ್ದೆಗೂ ಒಂದೇ ತೂಬು. ಇಬ್ಬರೂ ಕಾಯುತ್ತಿದ್ದದ್ದು ನನ್ನ ಸ್ಕ್ರೀನನ್ನು. ಸ್ಕ್ರೀನ್ ಹೇಳಿತು: ‘ಈ ಆಪ್ ಅನ್ನು ಸ್ಥಗಿತಗೊಳಿಸಲಾಗಿದೆ. ನಿಮ್ಮ ಸಹಕಾರಕ್ಕೆ ಧನ್ಯವಾದ.’

ಯಾವ ಸಹಕಾರ? ನಾನು ಏನೂ ಮಾಡಿರಲಿಲ್ಲ.

ವಿಷಯ ಇಷ್ಟು. ನಮ್ಮಲ್ಲಿ ನಾಲೆ ನೀರು ಕಟ್ಟು ಪದ್ಧತಿಯಲ್ಲಿ ಬರುತ್ತದೆ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಬಿಟ್ಟಾಗ ಸರದಿ ಪ್ರಕಾರ ಹಾಯಿಸಿಕೊಳ್ಳಬೇಕು. ಹಿಂದಿನ ಕಟ್ಟಿನಲ್ಲಿ ಪುಟ್ಟಸ್ವಾಮಿಗೆ ನಾಟಿಯ ಆತುರ. ರಂಗಮ್ಮ ತಮ್ಮ ಸರದಿ ಬಿಟ್ಟುಕೊಟ್ಟರು. ಬದಲಿಗೆ ಈ ಸಲ ಅವನ ಸರದಿ ಅವರಿಗೆ. ಮಾತಾದದ್ದು ನಮ್ಮ ಜಗಲಿಯಲ್ಲಿ.

“ಒಂದು ಚೀಟೀಲಿ ಬರ್ದ್‌ಬುಡಿ ಮೇಷ್ಟ್ರೇ” ಅಂದಿದ್ದರು ರಂಗಮ್ಮ.

“ಚೀಟಿ ಕಳೆದುಹೋಗುತ್ತೆ ಕಣಮ್ಮ, ಇದು ಕಳೆಯಲ್ಲ” ಎಂದು ನೋಟ್ಸ್ ಆಪ್‌ನಲ್ಲಿ ಟೈಪ್ ಮಾಡಿಕೊಂಡವನು ನಾನು. (ಮಂಡ್ಯದ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಅಷ್ಟಾದರೂ ಜಂಬ ಬೇಡವೇ?)

ಈಗ ಆಪ್ ತೆರೆಯುತ್ತಿಲ್ಲ ಎಂದೆ. ಪುಟ್ಟಸ್ವಾಮಿಯ ಮುಖ ಅರಳಿತು. “ನಾನ್ ಏಳಿದ್ದು, ನೀರು ಮಿಕ್ಕುದ್ರೆ ಕೊಡ್ತೀನಿ ಅಂತ.”

“ಮಿಕ್ಕುದ್ರೆ ಅಂತ ಯಾವಾಗ್ ಅಂದ್ಯಲಾ? ಮೇಷ್ಟ್ರೇ, ನೀವೇ ಇದ್ರಲ್ಲ, ಏಳಿ.”

‘ಮಿಕ್ಕರೆ’ ಎಂಬ ಮಾತು ಬಂದದ್ದು ನನಗೆ ನೆನಪಿಲ್ಲ. ಆದರೆ ನನಗೆ ನೆನಪಿಲ್ಲ ಎನ್ನುವುದು, ಅವನು ಅನ್ನಲಿಲ್ಲ ಎನ್ನುವುದಕ್ಕೆ ಪುರಾವೆಯೇ? ನೆನಪೆಂದರೆ ಪ್ರತಿ ಸಲ ಹೊಸದಾಗಿ ಹೆಣೆಯುವ ಕಥೆ ಎಂದು ಯೂನಿವರ್ಸಿಟಿಯಲ್ಲಿ ಕಲಿತವನು ನಾನು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಓಡುವವನೂ ನಾನೇ.

“ಬಹುಶಃ ಅಂದಿರಲಿಲ್ಲ” ಎಂದೆ.

“ಬಹುಸಾ ಅಂದ್ರೆ ಗೊತ್ತಿಲ್ಲ ಅಂತ ತಾನೆ? ಬುಡಿ ಅತ್ಲಾಗೆ” ಎಂದವನು ಗುದ್ದಲಿ ಹಿಡಿದು ಇಳಿದೇಬಿಟ್ಟ. ನೀರು ಅವನ ಗದ್ದೆಗೆ ಹೋಯಿತು. ರಂಗಮ್ಮನ ಗದ್ದೆಯ ಮಣ್ಣು ಆಗಲೇ ಬಿರುಕು ಬಿಟ್ಟಿತ್ತು. ಇನ್ನು ಮುಂದಿನ ಕಟ್ಟಿನವರೆಗೆ ಪೈರು ತಡೆಯಬೇಕು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪುಟ್ಟಸ್ವಾಮಿಯ ಮೇಲಲ್ಲ, ಆಪ್ ಮಾಡಿದವರ ಮೇಲೆ. ಫೋನು ನನ್ನದು, ಜೇಬು ನನ್ನದು. ಎಲ್ಲೋ ಕೂತವರು ಗುಂಡಿ ಒತ್ತಿದರೆ ನನ್ನ ಜೇಬಿನೊಳಗೆ ಬೀಗ ಬೀಳುತ್ತದೆ! ಮದ್ದೂರಿನಲ್ಲಿ ಕೊಂಡ ಸೈಕಲ್ಲನ್ನು ಅಂಗಡಿಯವನು ಮನೆಗೇ ಬಂದು, “ಈ ಮಾಡೆಲ್ ನಿಲ್ಲಿಸಿದ್ದೀವಿ” ಎಂದು ಎಳೆದುಕೊಂಡು ಹೋದರೆ ಸುಮ್ಮನಿರುತ್ತೇವೆಯೇ? ಕ್ಯಾರಿಯರ್‌ಗೆ ಕಟ್ಟಿದ್ದ ಚೀಲದ ಸಮೇತ?

ಕಳ್ಳರು ನುಗ್ಗುವ ಆಪ್ ಆಗಿದ್ದರೆ ಮುಚ್ಚಲಿ, ತಕರಾರಿಲ್ಲ. ಆದರೆ ಮನೆ ಕೆಡವುವ ಮುಂಚೆ ‘ಪಾತ್ರೆ ಪಗಡ ಹೊರಗಿಟ್ಕೊಳ್ಳಿ’ ಅನ್ನುವಷ್ಟು ಮರ್ಯಾದೆ ಬೇಡವೇ?

ಕಂಪನಿಗೆ ಉದ್ದದ ಇಮೇಲ್ ಹಾಕಿದೆ. ಉತ್ತರ ಚಿಕ್ಕದು. ಯಾವಾಗ ಬೇಕಾದರೂ ಆಪ್ ಮುಚ್ಚಬಹುದೆಂಬ ಷರತ್ತಿಗೆ ನಾನು ಒಪ್ಪಿದ್ದೇನಂತೆ. ಒಪ್ಪಿದ ದಿನ, ಗಂಟೆ, ನಿಮಿಷ ಸಹಿತ ಕಳಿಸಿದ್ದರು. (ನನಗೆ ನೆನಪಿಲ್ಲ, ಅದು ಬೇರೆ ಮಾತು.) ನಾನು ಒಪ್ಪಿದ್ದು ಅವರಲ್ಲಿ ಭದ್ರವಾಗಿದೆ. ಪುಟ್ಟಸ್ವಾಮಿ ಒಪ್ಪಿದ್ದು ಯಾರಲ್ಲೂ ಇಲ್ಲ.

ಮೊನ್ನೆ ರಂಗಮ್ಮನ ಗದ್ದೆಗೆ ಹೋಗಿ ಈ ಅನ್ಯಾಯವನ್ನೆಲ್ಲ ವಿವರಿಸಿದೆ. ಸರ್ವರ್, ಷರತ್ತು, ಬಳಕೆದಾರನ ಹಕ್ಕು, ಒಂದೂ ಬಿಡಲಿಲ್ಲ. ಬದುವಿನ ಮೇಲೆ ಕೂತು ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು:

“ಆಪ್ನ ಅವ್ರು ಬಂದ್ ಮಾಡುದ್ರು, ಸರಿ. ನಿಮ್ ಬಾಯ್ನ ಯಾರ್ ಬಂದ್ ಮಾಡುದ್ರು ಮೇಷ್ಟ್ರೇ?”