ಪ್ರಭುಲಿಂಗಪ್ಪನ ಕರುಳಿನ ವಿಚಾರಣೆ

ಸವಡಿಯ ಪ್ರಭುಲಿಂಗಪ್ಪನದು ಯಾವುದನ್ನೂ ಒಳಗೆ ಇಣುಕಿ ನೋಡದೆ ಬಿಡುವ ಜಾಯಮಾನವಲ್ಲ. ಪಂಪ್‌ಸೆಟ್ಟು ಕೆಟ್ಟರೆ ಮೇಸ್ತ್ರಿ ಬರುವ ಮೊದಲೇ ಬಿಚ್ಚಿ ಹರವುತ್ತಾನೆ; ಕೂಡಿಸಲು ಮಾತ್ರ ಮೇಸ್ತ್ರಿಯೇ ಬೇಕು. ಇಂಥ ಮಹಾರಾಯನ ಹೊಟ್ಟೆಯೊಳಗೇ ಹುಬ್ಬಳ್ಳಿಯ ಡಾಕ್ಟರು ಕ್ಯಾಮೆರಾ ಇಳಿಸಿದಾಗ ಅವನು ಹೇಳಿದ್ದೇನು ಗೊತ್ತೇ? "ಟಿ.ವಿ. ಈ ಕಡೆ ಹೊಳ್ಳಸ್ರಿ, ನಾನೂ ನೋಡ್ತೀನಿ."

ಕಂಡದ್ದು ಒಳ್ಳೆಯದಾಗಿರಲಿಲ್ಲ. ದೊಡ್ಡಕರುಳಿನ ತುಂಬ ನೂರಾರು ಸಣ್ಣ ಗಂಟುಗಳು. ವಂಶದಿಂದ ಬರುವಂಥವು, ಬಿಟ್ಟರೆ ಒಂದಲ್ಲ ಒಂದು ದಿನ ಕ್ಯಾನ್ಸರೇ ಎಂದರು ಡಾಕ್ಟರು. ಹಾಗಾಗಿ ದೊಡ್ಡಕರುಳು ತೆಗೆಯಲೇಬೇಕು. ಪ್ರಶ್ನೆ ಉಳಿದದ್ದು ಅದರ ತುದಿಯದು. ಅಲ್ಲಿ ಗಂಟುಗಳು ಕಡಿಮೆ. ತುದಿ ಉಳಿಸಿ ಅದಕ್ಕೆ ಸಣ್ಣಕರುಳು ಜೋಡಿಸಿದರೆ ಒಂದೇ ಆಪರೇಷನ್ನು. ಆದರೆ ಜೀವ ಇರುವತನಕ ವರ್ಷ ವರ್ಷ ತಪ್ಪದೆ ಕ್ಯಾಮೆರಾ. ತುದಿಯನ್ನೂ ತೆಗೆದರೆ ಸಣ್ಣಕರುಳಿನಿಂದಲೇ ಒಳಗೊಂದು ಚೀಲ ಹೊಲಿಯಬೇಕು. ಎರಡು ಆಪರೇಷನ್ನು, ನಡುವೆ ಕೆಲವು ತಿಂಗಳು ಹೊಟ್ಟೆಯ ಮೇಲೆ ಮಲದ ಚೀಲ. ತಪಾಸಣೆ ಅದಕ್ಕೂ ಇದೆ, ಅಪಾಯ ಮಾತ್ರ ಕಡಿಮೆ. ಒಳಚೀಲ ಕೂಡದಿದ್ದರೆ ಹೊರಗಿನ ಚೀಲವೇ ಕಾಯಂ. "ನಿಮ್ಮ ಮನೆತನದಾಗ ಯಾರಿಗೆ ಏನಾಗಿತ್ತು, ಕೇಳ್ಕೊಂಡ ಬರ್ರಿ" ಎಂದು ಕಳಿಸಿದರು.

ತುದಿ ಉಳಿಸುವುದೆಂದು ಪ್ರಭುಲಿಂಗಪ್ಪ ಮನಸ್ಸಿನಲ್ಲೇ ಹೂಂ ಅಂದಿದ್ದ. ಆದರೂ ಕೇಳುವುದೆಂದರೆ ಅವನಿಗೆ ಹಬ್ಬ. ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವ ಹೆಳವರ ದೇವಪ್ಪ ರಾಜೂರಿನಲ್ಲಿದ್ದಾನೆಂದು ತಿಳಿದು ಫೋನು ಹಚ್ಚಿ ಕರೆಸಿಯೇ ಬಿಟ್ಟ.

ದೇವಪ್ಪ ಪಡಸಾಲೆಯಲ್ಲಿ ಕೂತು ಪುಸ್ತಕ ಬಿಚ್ಚಿದ. ಮುತ್ತಜ್ಜ ನಲವತ್ತಕ್ಕೆ, ಅಜ್ಜ ನಲವತ್ತಮೂರಕ್ಕೆ, ಅಪ್ಪ ನಲವತ್ತೈದಕ್ಕೆ ತೀರಿಹೋಗಿದ್ದರು. ಮೂವರಿಗೂ ಹೊಟ್ಟೆಬೇನೆ, ರಕ್ತ. ಪ್ರಭುಲಿಂಗಪ್ಪನಿಗೀಗ ನಲವತ್ತೊಂದು.

"ಸಿದ್ದಲಿಂಗ ಕಾಕಾಂದು?" ಅಪ್ಪನ ತಮ್ಮನ ಬಗ್ಗೆ ಕೇಳಿದ ಪ್ರಭುಲಿಂಗಪ್ಪ.

"ಅವರು ಮಿರಜದಾಗ ಕರುಳ ತಗಸಿದ್ರು ನೋಡ್ರಿ. ತುದಿ ಉಳಿಸ್ಯಾರಂತ ಅವರ ಬಾಯಿಲೇ ಕೇಳೇನಿ. ಹತ್ತ ವರ್ಷ ಗುಂಡಕಲ್ಲಿನಂಗ ಇದ್ರು. ಆಮ್ಯಾಲೆ ಆ ತುದ್ಯಾಗ ಬ್ಯಾನಿ ಹತ್ತಿ ತೀರ್ಕೊಂಡ್ರು."

"ವರ್ಷ ವರ್ಷ ತೋರಸ್ತಿದ್ದಿಲ್ಲೇನು?"

"ಎರಡ ವರ್ಷ ಹೋದ್ರರಿ. ಚಲೋ ಅದೀನಲ್ಲ ಅಂತ ಬಿಟ್ರು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಿರ್ಮಲಾಗೆ ತಡೆಯಲಾಗಲಿಲ್ಲ. "ನೀವೂ ಅಂಥವರ! ಕಣ್ಣ ತೋರಸಾಕ ಬರ್ರಿ ಅಂತ ನಾಕ ವರ್ಷದಿಂದ ಬಡಕೊಳ್ಳಾಕತ್ತೀನಿ, ಒಮ್ಮೆರೆ ಬಂದೀರೇನು?" ಪ್ರಭುಲಿಂಗಪ್ಪ ಜಗಳಕ್ಕೆ ಬಾಯಿ ತೆರೆದ. ಆದರೆ ಅವಳು ಹೇಳಿದ್ದು ಖರೆ; ವರ್ಷ ವರ್ಷ ತಪ್ಪದೆ ಹೋಗುವ ಪೈಕಿ ಅವನಲ್ಲ.

"ತುದೀನೂ ತಗಸ್ತೀನಿ" ಎಂದ. ಅಂದಮೇಲೆ ಅವನಿಗೆ ಮೊದಲ ಸಲ ಹೆದರಿಕೆಯಾಯಿತು.

ದೇವಪ್ಪ ಪುಸ್ತಕ ಮಡಿಚುತ್ತಿದ್ದ. ಪ್ರಭುಲಿಂಗಪ್ಪ ಅವನ ಕೈ ಹಿಡಿದ. "ನನ್ನ ಹೆಸರಿನ ಮುಂದ ಬ್ಯಾನಿ ಬರಿ, ಆಪರೇಷನ್ನೂ ಬರಿ. ಕೆಳಗ ಮಗಳು ಶೈಲಶ್ರೀ ಅಂತ ಬರಿ."

"ಹೆಣ್ಣಮಕ್ಕಳ್ನ ನಾವು ಬರ್ಯಾಂಗಿಲ್ಲರಿ ಯಜಮಾನ್ರ."

"ಬ್ಯಾನಿ ಹೆಣ್ಣು ಗಂಡು ಅಂತ ನೋಡಾಂಗಿಲ್ಲೋ ದೇವಪ್ಪಾ! ನಾಳೆ ಆಕಿ ಮಕ್ಕಳು ಕೇಳಾಕ ಬಂದ್ರ ಏನ ಹೇಳ್ತಿ? ಬರಿ."

ಒಂಬತ್ತನೇ ಇಯತ್ತೆ ಓದುತ್ತಿದ್ದ ಶೈಲಶ್ರೀ ಅಪ್ಪನ ಮಗ್ಗುಲಿಗೆ ಬಂದು ಕೂತಳು. "ನನಗೂ ಐತೇನಪ್ಪಾ?"

"ಗೊತ್ತಿಲ್ಲವ್ವಾ. ಮೊದಲ ರಗತ ನೋಡ್ತಾರಂತ. ಇಬ್ರೂ ಕೂಡೇ ಹೋಗೂಣು."

ದೇವಪ್ಪ ಮಡಿಚುತ್ತಿದ್ದ ಪುಸ್ತಕವನ್ನು ಮತ್ತೆ ಬಿಚ್ಚಿದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದ.

"ಹುಟ್ಟಿದ ವರ್ಷ ಹೇಳು ತಂಗೀ."