ನನ್ನ ಕಾಲಿಗೆ ಹೋಗದ ನೋವು

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಹಿಮ್ಮಡಿ ಮುಟ್ಟಿಸಿದರೆ ಬೆನ್ನಿನ ಉಳುಕು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಂಕೋಲೆಯ ಸುತ್ತಿನ ಎಷ್ಟೋ ಜನ ಬೆಳಿಗ್ಗೆ ಬಂದು ನನಗೆ ಬೆನ್ನು ಕೊಟ್ಟು ಕೂತಿದ್ದಾರೆ. ಮೂರು ಸಲ ಮುಟ್ಟಿಸುತ್ತೇನೆ. ಮಾತಾಡದೆ ಎದ್ದು ಹೋಗಬೇಕು. ಮರುದಿನ ನೋವು ಇರುವುದಿಲ್ಲ.

ಕಿರಿಯ ಸೊಸೆಗೆ ಇಪ್ಪತ್ತೆಂಟು ವರ್ಷ. ಕಾರವಾರದ ಆಫೀಸೊಂದರಲ್ಲಿ ಕೆಲಸ. ಒಂದು ಸಂಜೆ ಕೆಲಸ ಮುಗಿಸಿ ಬಂದವಳು, “ಅತ್ತೆ, ಬೆನ್ನು ಎಂತೋ ಹಿಡದಂಗೆ ಆಗ್ಯದೆ” ಎಂದಳು. ಹೆಗಲೆಲುಬುಗಳ ನಡುವೆ ಒಮ್ಮೆ ಚಳುಕು ಹೊಡೆದಿತ್ತಂತೆ, ಈಗ ಅಷ್ಟೇನಿಲ್ಲವಂತೆ. ಜ್ವರವಿಲ್ಲ, ದಮ್ಮಿಲ್ಲ. ಎರಡು ಬಂಗಡೆ ಮೀನು ಹಾಕಿಕೊಂಡು ಊಟವನ್ನೂ ಮಾಡಿದಳು. ಬೆಳಿಗ್ಗೆ ಹಿಮ್ಮಡಿ ಮುಟ್ಟಿಸಿದೆ.

ಮರುದಿನವೂ ನೋವು ಹಾಗೇ ಇತ್ತು. ಎಡಗೈ ಸ್ವಲ್ಪ ಜೋಮು. ಅವಳ ಗಂಡ, ನನ್ನ ಕಿರಿಯ ಮಗ, ಗ್ಯಾಸು ಎಂದ. ಅವಳೂ ಹೌದೆಂದು ಆಫೀಸಿಗೆ ಹೊರಡಲು ಚೀಲ ಹೆಗಲಿಗೇರಿಸಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

“ನನ್ನ ಕಾಲಿಗೆ ಹೋಗ್ಲಿಲ್ಲ ಅಂದ್ರೆ ಅದು ಉಳುಕಲ್ಲ. ಆಸ್ಪತ್ರೆಗೆ ನಡಿ.”

“ಅವ್ವಿ, ನಿನ್ನ ಕಾಲೆಂತ ಎಕ್ಸ್‌ರೇ ಮಷಿನ್ನಾ?” ಎಂದು ಮಗ ನಕ್ಕ.

“ನಗು. ನಗ್ತಾ ನಗ್ತಾ ಬಸ್ಸು ಹತ್ತು.”

ಮೂವರೂ ಕಾರವಾರಕ್ಕೆ ಹೋದೆವು. ನರ್ಸು ಬಲಗೈಗೆ ಪಟ್ಟಿ ಕಟ್ಟಿದಾಗ ಬಿ.ಪಿ. ಹೆಚ್ಚಿತ್ತು. ಎಡಗೈಗೆ ಕಟ್ಟಿದರೆ ಸರಿಯಾಗಿ ಸಿಗಲೇ ಇಲ್ಲ. “ಮಷಿನ್ ಹಾಳಾಗ್ಯದೆ” ಎಂದು ಇನ್ನೊಂದು ತಂದಳು. ಅದೂ ಹಾಗೆಯೇ. ನೋಡಿದ ಡಾಕ್ಟರು ಸೊಸೆಯನ್ನು ಅಲ್ಲೇ ಮಲಗಿಸಿ, ಏಳಬೇಡ ಎಂದರು. ಸ್ಕ್ಯಾನ್ ಆಯಿತು. ಎದೆಯಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಹರಿದಿದೆಯಂತೆ. ಚೀಲದ ಅಸ್ತರು ಹರಿದರೆ ಅಕ್ಕಿ ಬಟ್ಟೆಗೂ ಅಸ್ತರಿಗೂ ನಡುವೆ ಇಳಿಯುವುದಿಲ್ಲವೇ, ಹಾಗೆ ರಕ್ತ ಇಳಿದಿತ್ತು. ಹೊರಗಿನದೂ ಹರಿದರೆ ಮುಗಿಯಿತು.

“ನಾನು ಕಾಲು ಮುಟ್ಟಿಸಿದ್ದೆ” ಎಂದೆ. ಮುಚ್ಚಿಟ್ಟು ಏನು ಮಾಡುವುದು?

“ಅದ್ರಿಂದ ಹರಿದದ್ದಲ್ಲ ಅಜ್ಜಿ, ಮೊದ್ಲೇ ಹರಿದಿತ್ತು. ಇನ್ನು ಯಾರಾದ್ರೂ ಬಂದ್ರೆ ಮೊದ್ಲು ನಮ್ಮ ಹತ್ರ ಕಳಿಸಿ, ಆಮೇಲೆ ನಿಮ್ಮ ಕಾಲು.”

ಆಪರೇಷನ್ನಿಗೆ ಗೋವೆಗೆ ಒಯ್ಯಬೇಕಾಯಿತು. ದಾರಿಯಲ್ಲೇ ಏನಾದರೂ ಆಗಬಹುದು ಎಂದು ಡಾಕ್ಟರು ಮಗನಿಗೆ ಹೇಳಿದ್ದು ನನಗೂ ಕೇಳಿಸಿತ್ತು. ನಾನು ಅಳಲಿಲ್ಲ. ಅತ್ತರೆ ಅವಳಿಗೆ ಗೊತ್ತಾಗುತ್ತಿತ್ತು.

ಬದುಕಿದಳು. ಈಗ ಎದೆಯ ಮೇಲೆ ಉದ್ದದ ಹೊಲಿಗೆಯ ಗುರುತಿದೆ, ದಿನಾ ಮಾತ್ರೆ ಇದೆ. ಭಾರ ಎತ್ತುವ ಹಾಗಿಲ್ಲ. ಮಗ ಬಾವಿಯಿಂದ ನೀರು ಹೊತ್ತರೆ ಪಕ್ಕದ ಮನೆಯವರು ಬೇಲಿಯಾಚೆ ನಿಂತು ನಗುತ್ತಾರೆ, ಅವನು ಹೊರುತ್ತಾನೆ. ಇವಳು ಜಗಲಿಯಲ್ಲಿ ಕೂತು, ಸಾರಿಗೆ ಹುಳಿ ಸಾಲದು ಎಂದು ನನಗೇ ಹೇಳುತ್ತಾಳೆ. ನಾನು ಬೈಯಲು ಹೊರಟರೆ, “ಅತ್ತೆ, ಬೈದ್ರೆ ನಂಗೆ ಬಿ.ಪಿ. ಏರ್ತದೆ, ಡಾಕ್ಟರು ಹೇಳಿದಾರೆ” ಅನ್ನುತ್ತಾಳೆ. ಡಾಕ್ಟರು ಹಾಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಆದರೂ ಬೈಯುವುದಿಲ್ಲ, ಹುಳಿ ಹಾಕುತ್ತೇನೆ.